ಕದ್ದ ಕಿಚ್ಚು, ಕಾದ ಕಿಚ್ಚು

ಭದ್ರಾವತಿಗೆ ಹಿಂದೆ ಇದ್ದ ಹೆಸರು ಬೆಂಕಿಪುರ. ವಂಕಿಪುರ ಎಂಬುದೇ ಜನರ ಬಾಯಲ್ಲಿ ಬೆಂಕಿಪುರವಾಯಿತು ಎನ್ನುವವರೂ ಇದ್ದಾರೆ. ಹೆಸರು ಹೇಗೇ ಬಂದಿರಲಿ, ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಬೆಳೆದ ನನ್ನಂಥವರಿಗೆ ಅದು ನಮ್ಮೂರಿಗೆ ಒಪ್ಪುವ ಹೆಸರಾಗಿಯೇ ಕಂಡಿದೆ. ರಾತ್ರಿ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದರೆ ಕಬ್ಬಿಣದ ಕಾರ್ಖಾನೆಯ ಕಡೆಯ ಆಕಾಶ ಇದ್ದಕ್ಕಿದ್ದಂತೆ ಕೆಂಪೇರುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ಇದ್ದು ಮತ್ತೆ ಕಪ್ಪಾಗುತ್ತಿತ್ತು. "ಸ್ಲ್ಯಾಗ್ ಸುರಿದ್ರು" ಅನ್ನುತ್ತಿದ್ದರು ಅಪ್ಪ, ತಲೆ ಕೂಡ ಎತ್ತದೆ.

ಅದೇ ಮನೆಯಲ್ಲಿ ಇನ್ನೊಂದು ಬೆಂಕಿ ಇತ್ತು. ಅಜ್ಜಿ ರಾತ್ರಿ ಮಲಗುವ ಮುನ್ನ ಬಚ್ಚಲ ಒಲೆಯ ಕೆಂಡಗಳನ್ನು ಕಡ್ಡಿಯಿಂದ ಒಂದು ಮೂಲೆಗೆ ಸರಿಸಿ, ಮೇಲೆ ಬೂದಿ ಎಳೆದು ಮುಚ್ಚುತ್ತಿದ್ದಳು. ಬೂದಿ ತೆಳುವಾದರೆ ಕೆಂಡ ಉರಿದು ಮುಗಿಯುತ್ತದೆ, ದಪ್ಪವಾದರೆ ಉಸಿರುಕಟ್ಟಿ ಆರುತ್ತದೆ. ಎಷ್ಟು ಹಾಕಬೇಕೆಂಬುದು ಅವಳ ಕೈಗೆ ಗೊತ್ತಿತ್ತು. ಬೆಳಿಗ್ಗೆ ಬೂದಿ ಕೆದಕಿ, ಒಂದು ಚೂರು ತೆಂಗಿನ ನಾರು ಇಟ್ಟು, ಊದುಗೊಳವೆಯಲ್ಲಿ ನಾಲ್ಕು ಸಲ ಊದಿದರೆ ಹಂಡೆಯ ಕೆಳಗೆ ಉರಿ ಏಳುತ್ತಿತ್ತು. ಯಾವಾಗಲಾದರೂ ಆರಿಹೋಗಿದ್ದರೆ ನನ್ನ ಕೈಗೆ ಕರಟ ಕೊಟ್ಟು, "ಪಕ್ಕದ್ಮನೆ ಅಕ್ಕನ ಹತ್ರ ಒಂದ್ ಕೆಂಡ ಇಸ್ಕೊಂಡ್ ಬಾ ಮಗಾ" ಎನ್ನುತ್ತಿದ್ದಳು. ಮನೆಯಲ್ಲಿ ಬೆಂಕಿಪೊಟ್ಟಣ ಇರಲಿಲ್ಲವೆಂದಲ್ಲ. ಇದ್ದ ಬೆಂಕಿಯನ್ನು ಬಿಟ್ಟು ಹೊಸದನ್ನು ಗೀರುವುದು ಅವಳಿಗೆ ದುಂದು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಿಂದ ಯಾರಿಗೂ ಬೆಂಕಿ ಹೊರಗೆ ಹೋಗುತ್ತಿರಲಿಲ್ಲ. ಆಗ ಅದು ಮನೆಯ ಲಕ್ಷ್ಮಿ.

ಗ್ರೀಕರ ಬೆಂಕಿಯ ಕತೆಗಳಿಗೆ ನಾನು ಹೋದದ್ದು ಈ ಎರಡು ಬೆಂಕಿಗಳ ನಡುವಿನಿಂದ. ಶಾಲೆಯಲ್ಲಿ ಕೇಳಿದ ಕತೆ ಎಲ್ಲರೂ ಕೇಳಿದ್ದೇ: ಚಳಿಯಲ್ಲಿ ನಡುಗುತ್ತಿದ್ದ ಮನುಷ್ಯರನ್ನು ಕಂಡು ಮರುಗಿದ ಪ್ರಮೀಥಿಯಸ್ ಸ್ವರ್ಗದಿಂದ ಬೆಂಕಿ ಕದ್ದು ತಂದ, ದೇವರಾಜ ಝ್ಯೂಸ್ ಅವನನ್ನು ಬಂಡೆಗೆ ಬಿಗಿಸಿದ, ಹದ್ದು ದಿನವೂ ಬಂದು ಅವನ ಪಿತ್ತಜನಕಾಂಗವನ್ನು ತಿಂದಿತು. ಒಬ್ಬ ವೀರ, ಒಬ್ಬ ದುಷ್ಟ ದೊರೆ, ಒಂದು ಕಳ್ಳತನ. ಎರಡು ಶತಮಾನಗಳಿಂದ ಯುರೋಪು ಈ ಕತೆಯನ್ನು ಹೀಗೇ ಓದಿಕೊಂಡು ಬಂದಿದೆ, ಅಲ್ಲಿಂದ ನಾವೂ ಹಾಗೇ ಪಡೆದಿದ್ದೇವೆ. ಹಳೆಯ ಗ್ರೀಕ್ ಕವಿಗಳನ್ನು ಅನುವಾದದಲ್ಲಿ ಒಬ್ಬೊಬ್ಬರನ್ನಾಗಿ ಓದುತ್ತ ಹೋದಂತೆ ನನಗೆ ಅನಿಸಿದ್ದು ಬೇರೆ. ಈ ಪರಂಪರೆಯಲ್ಲಿ ಬೆಂಕಿ ತಂದವನ ಕತೆಯ ಕೆಳಗೆ ಬೆಂಕಿಯನ್ನು ಕಾದುಕೊಂಡವರ ಕತೆ ಇದೆ. ಅದು ಅಜ್ಜಿಯ ಕೆಂಡದ ಹಾಗೆ ಬೂದಿಯಡಿ ಕೂತಿದೆ. ಅದನ್ನು ಕೆದಕುವುದು ಈ ಲೇಖನದ ಕೆಲಸ.

ಎಲ್ಲಕ್ಕೂ ಹಳೆಯ ರೂಪ ಹೆಸಿಯಾಡ್‌ನದು. ಕ್ರಿ.ಪೂ. 700ರ ಆಸುಪಾಸಿನ ಕವಿ, ಬೀಯೋಷಿಯಾದ ಆಸ್ಕ್ರಾ ಎಂಬ ಹಳ್ಳಿಯವ, ಹೊಲ ಉಳುವ ಕಷ್ಟ ಬಲ್ಲವ. ತನ್ನ ಎರಡು ಕಾವ್ಯಗಳಲ್ಲೂ, 'ಥಿಯೋಗನಿ'ಯಲ್ಲಿ ಮತ್ತು 'ದುಡಿಮೆ ಮತ್ತು ದಿನಗಳು' ಎಂಬುದರಲ್ಲಿ, ಅವನು ಈ ಕತೆ ಹೇಳುತ್ತಾನೆ. ವಿಚಿತ್ರವೆಂದರೆ ಅವನ ಕತೆ ಬೆಂಕಿಯಿಂದ ಶುರುವಾಗುವುದಿಲ್ಲ, ಬಾಡೂಟದಿಂದ ಶುರುವಾಗುತ್ತದೆ. ಮೆಕೋನೆ ಎಂಬಲ್ಲಿ ದೇವರಿಗೂ ಮನುಷ್ಯರಿಗೂ ಪಾಲು ಹಂಚುವ ಹೊತ್ತು. ಪ್ರಮೀಥಿಯಸ್ ಒಂದು ಎತ್ತನ್ನು ಕೊಯ್ದು ಎರಡು ಪಾಲು ಮಾಡುತ್ತಾನೆ. ಒಳ್ಳೆಯ ಮಾಂಸವನ್ನೆಲ್ಲ ಎತ್ತಿನ ಜಠರದೊಳಗೆ ತುಂಬಿ ಅಸಹ್ಯವಾಗಿ ಕಾಣುವಂತೆ ಮಾಡುತ್ತಾನೆ. ಬರಿಯ ಮೂಳೆಗಳನ್ನು ಹೊಳೆಯುವ ಬಿಳಿ ಕೊಬ್ಬಿನಲ್ಲಿ ಸುತ್ತಿಡುತ್ತಾನೆ. ಝ್ಯೂಸ್ ಕೊಬ್ಬಿನ ಪಾಲನ್ನು ಆರಿಸಿಕೊಳ್ಳುತ್ತಾನೆ. ಮೋಸ ಗೊತ್ತಿದ್ದೂ ಆರಿಸಿಕೊಂಡ ಎಂದು ಹೆಸಿಯಾಡ್ ಸೇರಿಸುತ್ತಾನೆ, ದೇವರ ಮಾನ ಉಳಿಸಲು. ಗ್ರೀಕರು ಬಲಿಯಲ್ಲಿ ದೇವರಿಗೆ ಮೂಳೆ ಸುಟ್ಟು ತಾವು ಮಾಂಸ ತಿನ್ನುವುದಕ್ಕೆ ಕತೆ ಕೊಡುವ ಕಾರಣ ಇದು.

ಮೋಸಕ್ಕೆ ಪ್ರತಿಯಾಗಿ ಝ್ಯೂಸ್ ಬೆಂಕಿಯನ್ನು ತಡೆಹಿಡಿಯುತ್ತಾನೆ. ಇಲ್ಲಿ ಒಂದು ಮಾತನ್ನು ಹೆಚ್ಚಿನ ಓದುಗರು ದಾಟಿ ಹೋಗುತ್ತಾರೆ. ಝ್ಯೂಸ್ ಬೆಂಕಿಯ ಶಕ್ತಿಯನ್ನು ಒಂದು ಜಾತಿಯ ಮರಗಳಿಗೆ ಕೊಡುವುದನ್ನು ನಿಲ್ಲಿಸಿದ ಎಂಬಂತೆ ಹೆಸಿಯಾಡ್‌ನ ಸಾಲು ಇದೆ. ಗ್ರೀಕರು ಮೆಲಿಯಾ ಎನ್ನುತ್ತಿದ್ದ, ಭರ್ಜಿಯ ಹಿಡಿಗೆ ಬಳಸುತ್ತಿದ್ದ ಗಟ್ಟಿ ಮರ ಅದು. ಆ ಸಾಲಿನ ಅರ್ಥದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಆ ಮರದಿಂದ ಹುಟ್ಟಿದ ಮನುಷ್ಯರು ಎಂದೂ ಅದನ್ನು ಓದುತ್ತಾರೆ. ನನಗೆ ಮರದ ಅರ್ಥವೇ ಸರಿಯೆನಿಸುತ್ತದೆ. ಹಾಗೆ ಓದಿದರೆ ಮನುಷ್ಯನಿಗೆ ಮೊದಲು ಬೆಂಕಿ ಇತ್ತು. ಸಿಡಿಲು ಹೊಡೆದ ಮರದಲ್ಲಿ, ಒಂದಕ್ಕೊಂದು ಉಜ್ಜಿದ ಕೊಂಬೆಯಲ್ಲಿ, ಕೇಳದೆಯೇ ಸಿಗುತ್ತಿತ್ತು. ಆಮೇಲೆ ಅದನ್ನು ಬಚ್ಚಿಟ್ಟರು. ಅಂದರೆ ಪ್ರಮೀಥಿಯಸ್ ತಂದದ್ದು ಕಿತ್ತುಕೊಂಡದ್ದರ ಮರುಪಾವತಿ. ಕದ್ದವನು ಎಂದು ಅವನನ್ನು ಕರೆಯುವ ಮೊದಲು, ಮುಚ್ಚಿಟ್ಟವನು ಯಾರು ಎಂದು ಕೇಳುವ ಅವಕಾಶವನ್ನು ಆ ಹಳ್ಳಿಯ ಕವಿ ನಮಗೆ ಬಿಟ್ಟಿದ್ದಾನೆ.

ಈ ಬಚ್ಚಿಡುವ ಮಾತನ್ನು ಹಿಡಿದು ಇಡೀ ಕತೆಯನ್ನು ಬಿಡಿಸಿದವನು ಫ್ರಾನ್ಸಿನ ವಿದ್ವಾಂಸ ಝಾನ್-ಪಿಯೆರ್ ವೆರ್ನಾ. ಮಾಂಸವನ್ನು ಜಠರದಲ್ಲಿ ಬಚ್ಚಿಡುವುದು, ಬೆಂಕಿಯನ್ನು ದೇವರು ಬಚ್ಚಿಡುವುದು, ಬೆಂಕಿಯನ್ನು ಕಾಂಡದಲ್ಲಿ ಬಚ್ಚಿಟ್ಟು ತರುವುದು, ಅನ್ನವನ್ನು ದೇವತೆಗಳು ಮಣ್ಣಿನಲ್ಲಿ ಬಚ್ಚಿಡುವುದು, ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು ಎಂದು ಅವನು ತೋರಿಸಿದ. ಬೀಜ ಬಿತ್ತಿ ಕಾಯದೆ ಅನ್ನವಿಲ್ಲ, ಸೌದೆ ಒಟ್ಟಿ ಕಾಯದೆ ಬೆಂಕಿಯಿಲ್ಲ. ಹೆಸಿಯಾಡ್ ಹೇಳಿದ ಮನುಷ್ಯನ ಪಾಡು ಅದು. ಈ ಪರಂಪರೆಯ ಬಗ್ಗೆ ಇಪ್ಪತ್ತನೆಯ ಶತಮಾನದಲ್ಲಿ ಬಂದ ಓದುಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಇದೇ, ಏಕೆಂದರೆ ಇದು ಬೆಂಕಿಯನ್ನು ದುಡಿಮೆಯಿಂದ ಬೇರೆ ಮಾಡುವುದಿಲ್ಲ.

ಕಾಂಡದ ಮಾತು ಬಂತು. ಪ್ರಮೀಥಿಯಸ್ ಬೆಂಕಿ ತಂದದ್ದು ಪಂಜಿನಲ್ಲಿ ಎಂದು ಚಿತ್ರಕಾರರು ಬರೆಯುತ್ತಾರೆ. ಹೆಸಿಯಾಡ್ ಹೇಳುವುದು ನಾರ್ಥೆಕ್ಸ್ ಎಂಬ ಗಿಡದ ಟೊಳ್ಳು ಕಾಂಡ. ಸೋಂಪಿನ ಗಿಡದ ಹಾಗೆ ಕಾಣುವ, ಆಳೆತ್ತರಕ್ಕೂ ಮೀರಿ ಬೆಳೆಯುವ ಗಿಡ ಅದು. ನಮ್ಮ ಸಾರಿಗೆ ಬೀಳುವ ಇಂಗು ಕೊಡುವ ಗಿಡದ ಕುಲಕ್ಕೇ ಸೇರಿದ್ದು. ಒಣಗಿದ ಕಾಂಡದ ಒಳಗೆ ಬೆಂಡಿನಂಥ ತಿರುಳು ಇರುತ್ತದೆ. ಅದಕ್ಕೆ ಕಿಡಿ ತಾಗಿಸಿದರೆ ಒಳಗೊಳಗೇ ನಿಧಾನವಾಗಿ ಸುಡುತ್ತ ಹೋಗುತ್ತದೆ, ಹೊರಗಿನ ಸಿಪ್ಪೆ ಸುಡುವುದಿಲ್ಲ. ಕೈಯಲ್ಲಿ ಹಿಡಿದು ಊರಿಂದೂರಿಗೆ ನಡೆಯಬಹುದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಗ್ರೀಕ್ ದ್ವೀಪಗಳಲ್ಲಿ ತಿರುಗಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಟೂರ್ನ್‌ಫೋರ್, ಅಲ್ಲಿನ ಜನ ಆಗಲೂ ಹೀಗೆ ಬೆಂಕಿ ಒಯ್ಯುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಇದನ್ನು ಓದಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ಬೀಡಿ ಅಂಗಡಿಯ ಕಂಬಕ್ಕೆ ಇಳಿಬಿಟ್ಟ ತೆಂಗಿನ ನಾರಿನ ಹಗ್ಗ. ಅದರ ತುದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಂದು ಕೆಂಪು ಚುಕ್ಕೆ. ಬಂದವರು ಬಗ್ಗಿ ಬೀಡಿ ತಾಗಿಸಿಕೊಂಡು ಹೋಗುತ್ತಿದ್ದರು, ಚುಕ್ಕೆ ಹಾಗೇ ಇರುತ್ತಿತ್ತು. ಉರಿಯನ್ನು ಯಾರೂ ಕದಿಯಲಾರರು, ಒಯ್ಯಲಾರರು. ಒಯ್ಯಬಹುದಾದದ್ದು ಕೆಂಡ ಮಾತ್ರ. ಇಷ್ಟು ಕಸುಬು ತಿಳಿದವರೇ ಈ ಕತೆಯನ್ನು ಮೊದಲು ಕಟ್ಟಿರಬೇಕು.

ಹೆಸಿಯಾಡ್‌ನಲ್ಲಿ ಒಪ್ಪಲಾಗದ್ದೂ ಇದೆ. ಬೆಂಕಿಗೆ ಬದಲಾಗಿ ಝ್ಯೂಸ್ ಕಳಿಸಿದ ಕೇಡು ಹೆಣ್ಣು ಎಂದು ಅವನು ಬರೆಯುತ್ತಾನೆ. ಜೇಡಿಮಣ್ಣಿನಿಂದ ಮಾಡಿದ ಪಂಡೋರ ಒಂದು ದೊಡ್ಡ ಗುಡಾಣದ ಮುಚ್ಚಳ ತೆಗೆದಳು, ಲೋಕದ ಕಷ್ಟಗಳೆಲ್ಲ ಹೊರಬಿದ್ದವು, ಆಸೆಯೊಂದು ಒಳಗುಳಿಯಿತು. ಆ ಗುಡಾಣ ಪೆಟ್ಟಿಗೆಯಾದದ್ದು ಹದಿನಾರನೆಯ ಶತಮಾನದ ಎರಾಸ್ಮಸ್‌ನ ಲ್ಯಾಟಿನ್‌ನಿಂದ. ಗುಡಾಣವೆಂದರೆ ಕಾಳು, ಎಣ್ಣೆ, ದ್ರಾಕ್ಷಾರಸ ತುಂಬಿಡುವ ಮನೆಯ ಪಾತ್ರೆ. ಮನೆಯ ಕಾಳಿನ ಗುಡಾಣವನ್ನೂ ಒಲೆಯ ಕೆಂಡವನ್ನೂ ದಿನವೂ ಕಾಯುವವಳನ್ನೇ ಅವುಗಳನ್ನು ಹಾಳುಮಾಡುವವಳಾಗಿ ಕವಿ ಕಂಡ. ಅಜ್ಜಿಯ ಕೈಯ ಬೂದಿಯ ಲೆಕ್ಕ ನೋಡಿದ ನನಗೆ ಅದನ್ನು ಕಾಲದ ದೋಷ ಎಂದು ಹೇಳಿ ಬಿಟ್ಟುಬಿಡಲು ಮನಸ್ಸಾಗುವುದಿಲ್ಲ. ಆ ಸಾಲುಗಳು ಅನ್ಯಾಯದ ಸಾಲುಗಳು.

ಈಸ್ಕಿಲಸ್‌ನ ಹೆಸರಿನಲ್ಲಿ ಬಂದಿರುವ 'ಬಂಧಿತ ಪ್ರಮೀಥಿಯಸ್' ನಾಟಕದಲ್ಲಿ ಹೆಣ್ಣಿನ ದೂಷಣೆ ಇಲ್ಲ, ಮಾಂಸದ ಮೋಸವೂ ಇಲ್ಲ. ಈ ನಾಟಕ ನಿಜವಾಗಿ ಈಸ್ಕಿಲಸನದೇ ಎಂಬ ಅನುಮಾನ ವಿದ್ವಾಂಸರಲ್ಲಿ ಬಹಳ ದಿನಗಳಿಂದ ಇದೆ. ಮುಂದಿನ ಭಾಗವಾದ 'ವಿಮುಕ್ತ ಪ್ರಮೀಥಿಯಸ್' ಕಳೆದುಹೋಗಿ ಚೂರುಗಳು ಮಾತ್ರ ಉಳಿದಿವೆ. ನಮಗೆ ಸಿಕ್ಕಿರುವುದು ಸರಪಳಿಯ ಅರ್ಧ ಕತೆ. ಮುಂದಿನವರು ಕತೆಯನ್ನು ಬರಿಯ ಬಂಡಾಯವಾಗಿ ಓದಲು ಈ ನಷ್ಟವೂ ಒಂದು ಕಾರಣ ಎಂದು ನನ್ನ ಎಣಿಕೆ.

ಅದರ ಮೊದಲ ದೃಶ್ಯವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಭೂಮಿಯ ಅಂಚಿನಲ್ಲಿ, ಜನರಿಲ್ಲದ ಸಿಥಿಯಾದ ಬಂಡೆ. ಅಧಿಕಾರ ಮತ್ತು ಬಲ ಎಂಬ ಇಬ್ಬರು ಝ್ಯೂಸ್‌ನ ಆಳುಗಳು ಕೈದಿಯನ್ನು ಎಳೆದು ತರುತ್ತಾರೆ. ಮೊಳೆ ಹೊಡೆಯುವ ಕೆಲಸ ಕಮ್ಮಾರ ದೇವರು ಹೆಫೆಸ್ಟಸ್‌ನದು. ಅವನಿಗೆ ಅದು ಬೇಡ. ಕೈದಿ ತನ್ನ ನಂಟ, ತನ್ನ ಗೆಳೆಯ. ತನ್ನ ಕೈಗೆ ಈ ಕಸುಬು ಯಾಕಾದರೂ ಬಂತೋ ಎಂದು ಹಳಿದುಕೊಳ್ಳುತ್ತಾನೆ. ಅಧಿಕಾರ ಅವನನ್ನು ಬೈದು ಬೈದು ಕೆಲಸ ಮಾಡಿಸುತ್ತದೆ: ಇನ್ನೂ ಜೋರಾಗಿ ಹೊಡೆ, ಸಡಿಲ ಬಿಡಬೇಡ. ಬಲ ಒಂದು ಮಾತೂ ಆಡುವುದಿಲ್ಲ. ಇಲ್ಲಿ ಅಧಿಕಾರ ಹೆಫೆಸ್ಟಸ್‌ಗೆ ನೆನಪಿಸುವ ಸಂಗತಿ ಒಂದಿದೆ. ಇವನು ಕದ್ದದ್ದು ನಿನ್ನದೇ ಬೆಂಕಿಯನ್ನು. ಅಂದರೆ ಬೆಂಕಿ ಸ್ವರ್ಗದ ಸಿಂಹಾಸನದಿಂದ ಬರಲಿಲ್ಲ, ಕುಲುಮೆಯಿಂದ ಬಂತು. ಕಳವಾದದ್ದು ಕೆಲಸಗಾರನ ಸೊತ್ತು, ಆ ಕೆಲಸಗಾರನೇ ಕಳ್ಳನಿಗಾಗಿ ಅಳುತ್ತಿದ್ದಾನೆ. ಇಡೀ ಸಾಹಿತ್ಯದಲ್ಲಿ ಕೆಲಸಗಾರನ ಇಕ್ಕಟ್ಟನ್ನು ಇಷ್ಟು ಚೆನ್ನಾಗಿ ಹಿಡಿದ ದೃಶ್ಯಗಳು ಕಡಿಮೆ. ಕಾರ್ಖಾನೆಯ ಊರಲ್ಲಿ ಬೆಳೆದವರು ಈ ನಾಟಕದಲ್ಲಿ ಮೊದಲು ಗುರುತಿಸುವುದು ಪ್ರಮೀಥಿಯಸ್‌ನನ್ನಲ್ಲ, ಹೆಫೆಸ್ಟಸ್‌ನನ್ನು.

ಮುಂದೆ ಪ್ರಮೀಥಿಯಸ್ ತಾನು ಮನುಷ್ಯರಿಗೆ ಕೊಟ್ಟದ್ದನ್ನೆಲ್ಲ ಎಣಿಸುತ್ತಾನೆ. ಮನೆ ಕಟ್ಟುವುದು, ನಕ್ಷತ್ರ ನೋಡಿ ಋತು ತಿಳಿಯುವುದು, ಅಂಕಿ, ಅಕ್ಷರ, ಎತ್ತಿಗೆ ನೊಗ, ಹಾಯಿ ಹಡಗು, ಔಷಧ, ಶಕುನ, ಕೊನೆಗೆ ನೆಲದಡಿ ಅಡಗಿದ್ದ ತಾಮ್ರ, ಕಬ್ಬಿಣ, ಬೆಳ್ಳಿ, ಚಿನ್ನ. ಕಬ್ಬಿಣದ ಹೆಸರು ಬಂದಾಗ ನನ್ನ ಕಿವಿ ನಿಮಿರುತ್ತದೆ. ಪಟ್ಟಿ ದೊಡ್ಡದು, ಭವ್ಯವಾದದ್ದು. ಅದರಲ್ಲಿ ಸೌದೆ ಇಲ್ಲ. ಆ ಅದಿರನ್ನು ಕರಗಿಸಲು ಎಷ್ಟು ಕಾಡು ಬೇಕು, ಅದನ್ನು ಯಾರು ಕಡಿಯುತ್ತಾರೆ ಎಂಬುದಕ್ಕೆ ನಾಟಕದಲ್ಲಿ ಜಾಗವಿಲ್ಲ. ಹೆಸಿಯಾಡ್‌ನಲ್ಲಿ ಬೆಂಕಿಗೆ ಮರದ ನೆನಪಿತ್ತು. ಇಲ್ಲಿ ಅದು ಮರೆಯಾಯಿತು.

ಪ್ಲೇಟೋ 'ಪ್ರೊಟಾಗೊರಸ್' ಸಂವಾದದಲ್ಲಿ ಈ ಕತೆಗೆ ಕೊಟ್ಟ ತಿರುವು ಚಿಕ್ಕದು, ಆದರೆ ಎಲ್ಲರಿಗಿಂತ ದೂರ ಹೋಗುತ್ತದೆ. ಪ್ರಮೀಥಿಯಸ್‌ನ ತಮ್ಮ ಎಪಿಮೀಥಿಯಸ್ ಪ್ರಾಣಿಗಳಿಗೆ ತುಪ್ಪಳ, ಕೊಂಬು, ರೆಕ್ಕೆ ಹಂಚಿ ಮುಗಿಸುವಷ್ಟರಲ್ಲಿ ಮನುಷ್ಯನ ಪಾಲಿಗೆ ಏನೂ ಉಳಿಯಲಿಲ್ಲ. ಅದಕ್ಕೇ ಅಣ್ಣ ಹೆಫೆಸ್ಟಸ್ ಮತ್ತು ಅಥೀನಾ ದುಡಿಯುತ್ತಿದ್ದ ಮನೆಗೆ ನುಗ್ಗಿ ಬೆಂಕಿಯನ್ನೂ ಕಸುಬಿನ ತಿಳಿವನ್ನೂ ಕದ್ದ. ಆದರೂ ಜನ ಬದುಕಲಿಲ್ಲ. ಒಟ್ಟುಗೂಡಿದಾಗ ಒಬ್ಬರಿಗೊಬ್ಬರು ಅನ್ಯಾಯ ಮಾಡಿಕೊಂಡು ಮತ್ತೆ ಚೆದುರಿದರು. ಆಗ ಝ್ಯೂಸ್ ಹರ್ಮಿಸ್‌ನ ಕೈಯಲ್ಲಿ ಎರಡು ವಸ್ತು ಕಳಿಸಿದ: ಲಜ್ಜೆ ಮತ್ತು ನ್ಯಾಯ. ವೈದ್ಯಕಿಯ ಹಾಗೆ ಕೆಲವರಿಗೆ ಕೊಡಲೇ ಎಂದು ಹರ್ಮಿಸ್ ಕೇಳಿದ್ದಕ್ಕೆ, ಎಲ್ಲರಿಗೂ ಸಮನಾಗಿ ಹಂಚು ಎಂದ. ಬೆಂಕಿಯನ್ನು ಕದಿಯಬಹುದು, ಇವೆರಡನ್ನು ಕದಿಯಲಾಗದು, ಹಂಚಿಕೊಳ್ಳಬೇಕು. ಬೆಂಕಿಯ ಕತೆಗಳಲ್ಲಿ ಝ್ಯೂಸ್ ಕೊಡುವವನಾಗಿ ಕಾಣಿಸುವ ಜಾಗ ನನಗೆ ಗೊತ್ತಿರುವಂತೆ ಇದೊಂದೇ.

ಕಾವ್ಯ ನಾಟಕಗಳ ಆಚೆ, ಊರೂರುಗಳಲ್ಲಿ ಗ್ರೀಕರು ಬೆಂಕಿಯ ಬಗ್ಗೆ ಏನು ನಂಬಿದ್ದರು ಎಂಬುದು ಇನ್ನೂ ಸ್ವಾರಸ್ಯದ್ದು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಸನ್ನು ಸುತ್ತಿದ ಪೌಸೇನಿಯಸ್ ಆರ್ಗೋಸ್ ಊರಿನಲ್ಲಿ ಆರದೆ ಉರಿಯುವ ಒಂದು ಬೆಂಕಿಯನ್ನು ಕಂಡ. ಆ ಊರಿನವರು ಅದನ್ನು ಫೊರೋನಿಯಸ್‌ನ ಬೆಂಕಿ ಎನ್ನುತ್ತಿದ್ದರು. ಮನುಷ್ಯರಿಗೆ ಬೆಂಕಿ ಕೊಟ್ಟದ್ದು ಪ್ರಮೀಥಿಯಸ್ ಎಂಬುದನ್ನು ಅವರು ಒಪ್ಪುತ್ತಲೇ ಇರಲಿಲ್ಲ, ಕಂಡುಹಿಡಿದವನು ತಮ್ಮೂರ ಫೊರೋನಿಯಸ್ ಎಂದು ಪಟ್ಟು ಹಿಡಿದಿದ್ದರು. ಹರ್ಮಿಸ್‌ನ ಮೇಲಿನ ಒಂದು ಹಳೆಯ ಸ್ತೋತ್ರದಲ್ಲಿ ಆ ತುಂಟ ಮಗು ಕಡ್ಡಿ ಕಡೆದು ಬೆಂಕಿ ಹುಟ್ಟಿಸಿದ ಮೊದಲಿಗ. ರೋಮಿನ ಲುಕ್ರೀಷಿಯಸ್‌ಗೆ ದೇವರೇ ಬೇಕಿಲ್ಲ, ಸಿಡಿಲು ಮತ್ತು ಗಾಳಿಗೆ ಉಜ್ಜುವ ಕೊಂಬೆಗಳು ಸಾಕು. ಗ್ರೀಕರ ಬೆಂಕಿಯ ಕತೆ ಎಂದು ಒಂದನ್ನೇ ಹೇಳುವುದು ಆರ್ಗೋಸ್‌ನವರಿಗೆ ಮಾಡುವ ಅನ್ಯಾಯ.

ಪ್ರಮೀಥಿಯಸ್‌ನನ್ನು ನಿಜಕ್ಕೂ ಪೂಜಿಸುತ್ತಿದ್ದ ಅಥೆನ್ಸಿನಲ್ಲಿ ಪೂಜೆ ನಡೆಯುತ್ತಿದ್ದ ಬಗೆ ನೋಡಿ. ಅಕಾಡೆಮಿಯಲ್ಲಿದ್ದ ಅವನ ಬಲಿಪೀಠದಿಂದ ಊರೊಳಗೆ ಉರಿಯುವ ಪಂಜು ಹಿಡಿದು ಓಡುವ ಸ್ಪರ್ಧೆ. ಮೊದಲು ತಲುಪಿದರೆ ಸಾಲದು, ಪಂಜು ಉರಿಯುತ್ತಿರಬೇಕು. ಮುಂದಿದ್ದವನ ಪಂಜು ಆರಿದರೆ ಗೆಲುವು ಹಿಂದಿನವನಿಗೆ, ಅವನದೂ ಆರಿದರೆ ಅವನ ಹಿಂದಿನವನಿಗೆ, ಎಲ್ಲರದೂ ಆರಿದರೆ ಆ ವರ್ಷ ಯಾರಿಗೂ ಗೆಲುವಿಲ್ಲ. ಇದನ್ನೂ ಪೌಸೇನಿಯಸ್ ಬರೆದಿದ್ದಾನೆ. ಕಳ್ಳತನವನ್ನು ನೆನೆಯುವ ಯಾವ ಆಟವೂ ಅಲ್ಲಿರಲಿಲ್ಲ. ಓಡುವ ಅವಸರದಲ್ಲೂ ಬೆಂಕಿ ಆರದಂತೆ ನೋಡಿಕೊಳ್ಳುವವನೇ ಅವರಿಗೆ ಪ್ರಮೀಥಿಯಸ್‌ನ ಭಕ್ತ.

ಯುರೋಪಿನ ಕವಿಗಳು ಹದಿನೆಂಟನೆಯ ಶತಮಾನದ ಕೊನೆಯಿಂದ ಇವನನ್ನು ಎತ್ತಿಕೊಂಡಾಗ ಈ ಪಂಜಿನ ಓಟ ಅವರ ಕಣ್ಣಿಗೆ ಬೀಳಲಿಲ್ಲ. ಗೊಯಟೆಗೆ ಅವನು ದೇವರನ್ನು ಧಿಕ್ಕರಿಸಿ ನಿಂತ ಸೃಷ್ಟಿಕರ್ತ. 1820ರ ಶೆಲ್ಲಿಯ ನಾಟಕಕಾವ್ಯದಲ್ಲಿ ಅವನು ಎಲ್ಲ ದೊರೆತನವನ್ನೂ ಉರುಳಿಸುವ ಪ್ರೇಮಮೂರ್ತಿ. 1841ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧಕ್ಕೆ ಮುನ್ನುಡಿ ಬರೆದ ತರುಣ ಮಾರ್ಕ್ಸ್ ತತ್ತ್ವಶಾಸ್ತ್ರದ ಸಂತರಲ್ಲಿ ಅವನಿಗೆ ಮೊದಲ ಸ್ಥಾನ ಕೊಟ್ಟ. ಈ ಓದಿನಿಂದ ಜಗತ್ತಿಗೆ ಆದ ಒಳಿತು ಸಣ್ಣದಲ್ಲ. ಆಳುವವರಿಗೆ ಬಾಗದ ತಲೆಯ ಚಿತ್ರವೊಂದು ಬಡವರಿಗೆ ಸಿಕ್ಕಿತು. ಆದರೆ ಈ ಪಂಥ ಬೆಂಕಿಯನ್ನು ಬರಿಯ ಸಂಕೇತ ಮಾಡಿತು. ಅರಿವು, ಸ್ವಾತಂತ್ರ್ಯ, ಪ್ರಗತಿ ಹೀಗೆ ಏನೇನೋ ಆದ ಬೆಂಕಿ, ಸುಡುವುದನ್ನು ಬಿಟ್ಟಿತು, ತಿನ್ನುವುದನ್ನು ಬಿಟ್ಟಿತು. ಶೆಲ್ಲಿಯ ಮಡದಿ ಮೇರಿ ಒಬ್ಬಳು ಅಪವಾದ. 1818ರ ತನ್ನ 'ಫ್ರಾಂಕೆನ್‌ಸ್ಟೈನ್' ಕಾದಂಬರಿಗೆ 'ಆಧುನಿಕ ಪ್ರಮೀಥಿಯಸ್' ಎಂಬ ಉಪಶೀರ್ಷಿಕೆ ಕೊಟ್ಟು, ಹುಟ್ಟಿಸಿದ್ದನ್ನು ಸಾಕದೆ ಓಡಿಹೋದವನ ಕತೆ ಬರೆದಳು. ಸಾಕುವ ಹೊಣೆಯನ್ನು ಕತೆಯ ನಡುವಿಗೆ ತಂದದ್ದು ಮತ್ತೆ ಒಬ್ಬ ಹೆಣ್ಣು ಎಂಬುದನ್ನು ಹೆಸಿಯಾಡ್‌ಗೆ ಹೇಳಬೇಕು ಅನಿಸುತ್ತದೆ.

ಪಂಡಿತರ ದಾರಿ ಬೇರೆಯಾಗಿತ್ತು. 1859ರಲ್ಲಿ ಜರ್ಮನಿಯ ಆಡಾಲ್ಬರ್ಟ್ ಕೂನ್ ಪ್ರಮೀಥಿಯಸ್ ಎಂಬ ಹೆಸರನ್ನು ಬೆಂಕಿ ಹುಟ್ಟಿಸುವ ನಮ್ಮ ಅರಣಿಯ ಕಡೆಗೋಲಾದ ಪ್ರಮಂಥಕ್ಕೆ ಗಂಟು ಹಾಕಿದ. ಕೇಳಲು ಸೊಗಸಾದ ಈ ಊಹೆಯನ್ನು ಆಮೇಲಿನವರು ಹಾಗೇ ಒಪ್ಪಲಿಲ್ಲ. ಮಥ್ ಎಂಬ ರೂಪದಲ್ಲಿ ಕಡೆಯುವುದು, ಕಿತ್ತುಕೊಳ್ಳುವುದು ಎಂಬ ಎರಡು ಬೇರೆ ಧಾತುಗಳು ಬೆರೆತಿವೆ ಎನ್ನುತ್ತಾರೆ. ಗ್ರೀಕರಿಗಂತೂ ಅವನ ಹೆಸರಿನ ಅರ್ಥ ಮುಂದಾಲೋಚನೆಯವನು ಎಂದು. 1930ರಲ್ಲಿ ಜೇಮ್ಸ್ ಫ್ರೇಜರ್ ಲೋಕದ ಬೆಂಕಿಯ ಕತೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಒಟ್ಟಿದ. ಸೌದೆ ಒಟ್ಟಿದ ಹಾಗೆ ಒಟ್ಟಿದ್ದಾನೆ, ಹೊತ್ತಿಸಲಿಲ್ಲ.

ನಮ್ಮಲ್ಲಿ ಪ್ರಮೀಥಿಯಸ್‌ನ ಕತೆಗೆ ಹತ್ತಿರದ್ದು ಯಾವುದು ಎಂದು ಹುಡುಕುವಾಗ ನನಗೆ ಬಿಎಂಶ್ರೀ ನೆನಪಾಗುತ್ತಾರೆ. ಅವರು ಈಸ್ಕಿಲಸ್‌ನ ಒಂದು ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಸೊಫೊಕ್ಲಿಸ್‌ನ ಏಜಾಕ್ಸ್‌ನನ್ನು ತರುವಾಗ ಮಾತ್ರ ಅವನನ್ನು ಅಶ್ವತ್ಥಾಮನನ್ನಾಗಿ ಮಾಡಿದರು. ನಂಟನ್ನು ಹೆಸರಲ್ಲಿ ಹುಡುಕದೆ ಪಾಡಿನಲ್ಲಿ ಹುಡುಕುವ ವಿಧಾನ ಅದು. ಹಾಗೆ ನೋಡಿದರೆ ಋಗ್ವೇದದ ಮಾತರಿಶ್ವನ್ ನಮ್ಮ ಪ್ರಮೀಥಿಯಸ್ ಅಲ್ಲ. ದೂರದಿಂದ ಅಗ್ನಿಯನ್ನು ತಂದು ಭೃಗುಗಳಿಗೆ ಕೊಟ್ಟ ಎಂಬಷ್ಟು ಮಟ್ಟಿಗೆ ಕತೆ ಒಂದೇ, ಆದರೆ ಅವನಿಗೆ ಶಿಕ್ಷೆಯಿಲ್ಲ, ಯಾರೂ ಮುನಿಯಲಿಲ್ಲ. ಶತಪಥ ಬ್ರಾಹ್ಮಣದ ಪುರೂರವ ಹೆಚ್ಚು ಹತ್ತಿರ. ಊರ್ವಶಿಯನ್ನು ಕಳೆದುಕೊಂಡ ಅವನಿಗೆ ಗಂಧರ್ವರು ಒಂದು ಪಾತ್ರೆಯಲ್ಲಿ ಬೆಂಕಿ ಕೊಡುತ್ತಾರೆ. ಅವನು ಅದನ್ನು ಕಾಡಿನಲ್ಲಿ ಇಟ್ಟು ಮಗನೊಂದಿಗೆ ಊರಿಗೆ ಹೋಗುತ್ತಾನೆ. ಮರಳಿ ಬಂದರೆ ಬೆಂಕಿ ಅರಳಿ ಮರವಾಗಿದೆ, ಪಾತ್ರೆ ಬನ್ನಿ ಮರವಾಗಿದೆ. ಆ ಮರದಿಂದಲೇ ಅರಣಿ ಮಾಡಿ ಕಡೆ ಎಂದು ಅವನಿಗೆ ಹೇಳುತ್ತಾರೆ. ಹೆಸಿಯಾಡ್‌ನ ಮರದ ಬೆಂಕಿ ಇಲ್ಲಿ ಮತ್ತೆ ಸಿಕ್ಕಿತು. ಕೊಟ್ಟ ಬೆಂಕಿಯನ್ನು ಒಂದು ಗಳಿಗೆ ಬಿಟ್ಟು ಹೋದದ್ದಕ್ಕೆ ಅದು ಮರದೊಳಗೆ ಹೊಕ್ಕಿತು, ಇನ್ನು ಮೇಲೆ ಬೆವರು ಸುರಿಸಿ ಕಡೆದೇ ತೆಗೆಯಬೇಕು.

ಶಿಕ್ಷೆಯ ಕತೆ ಬೇಕಾದರೆ ಛೋಟಾನಾಗಪುರದ ಮುಂಡಾ ಜನರಲ್ಲಿದೆ. ಕಬ್ಬಿಣ ಕರಗಿಸುವ ಅಸುರರ ಕುಲುಮೆಗಳ ಹೊಗೆ ಹಗಲು ರಾತ್ರಿ ಏಳುತ್ತಿತ್ತು, ಮೇಲಿನ ದೇವರು ಸಿಂಗ್‌ಬೊಂಗನಿಗೆ ತಡೆಯಲಾಗಲಿಲ್ಲ. ಹಕ್ಕಿಗಳ ಕೈಯಲ್ಲಿ ಹೇಳಿ ಕಳಿಸಿದ, ಅವರು ಕೇಳಲಿಲ್ಲ. ಕೊನೆಗೆ ಮೈತುಂಬ ಹುಣ್ಣಿನ ಹುಡುಗನ ವೇಷದಲ್ಲಿ ಬಂದು, ಚಿನ್ನದ ಆಸೆ ತೋರಿಸಿ ಅಸುರರನ್ನು ಅವರದೇ ಕುಲುಮೆಯೊಳಗೆ ಕಳಿಸಿದ. ಅವರೆಲ್ಲ ಅಲ್ಲೇ ಸುಟ್ಟುಹೋದರು. ಗ್ರೀಕರ ಕತೆಯಲ್ಲಿ ಬೆಂಕಿ ತಂದವನಿಗೆ ಶಿಕ್ಷೆ, ಇಲ್ಲಿ ಕುಲುಮೆಯ ಮುಂದೆ ನಿಂತವರಿಗೆ ಶಿಕ್ಷೆ. ಈ ಕತೆಯನ್ನು ನಾನು ಮೊದಲ ಸಲ ಓದಿದ ದಿನ ರಾತ್ರಿ ಅಪ್ಪನ ಅಂಗೈ ಕಣ್ಣ ಮುಂದೆ ಬಂತು. ಕಿಡಿ ಹಾರಿ ಸುಟ್ಟ ಚುಕ್ಕೆಗಳು ಅದರ ಮೇಲೆ ನಕ್ಷತ್ರದ ಹಾಗಿದ್ದವು.

ಈಗ ನಮ್ಮೂರಿಗೆ ಬರುತ್ತೇನೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಭದ್ರಾವತಿಯ ಕಾರ್ಖಾನೆಗೆ ಬುನಾದಿ ಬಿದ್ದಾಗ ಅದರ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಮರವಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಭದ್ರೆಯಲ್ಲಿ ನೀರಿತ್ತು, ಕಲ್ಲಿದ್ದಲು ಮಾತ್ರ ಹತ್ತಿರದಲ್ಲೆಲ್ಲೂ ಇರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡಿದರು. ಹೊರಬಂದ ಆವಿಯನ್ನೂ ಬಿಡದೆ ತಣಿಸಿ ಮರದ ಆಲ್ಕೋಹಾಲ್, ಡಾಂಬರು ತೆಗೆದರು. ಆ ಇದ್ದಿಲಿನಿಂದ 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು. ಊದುಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ. ಉರಿದು ಕಾವು ಕೊಡುವುದು ಒಂದು. ಅದಿರಿನೊಳಗೆ ಕಬ್ಬಿಣವನ್ನು ಹಿಡಿದುಕೊಂಡಿರುವ ಆಮ್ಲಜನಕವನ್ನು ತಾನು ಎಳೆದುಕೊಂಡು ಕಬ್ಬಿಣವನ್ನು ಬಿಡಿಸುವುದು ಇನ್ನೊಂದು. ಸುಣ್ಣದ ಕಲ್ಲು ಮಣ್ಣಿನ ಅಂಶವನ್ನು ಹಿಡಿದು ಸ್ಲ್ಯಾಗ್ ಆಗಿ ಮೇಲೆ ತೇಲುತ್ತದೆ. ಕೆಳಗೆ ಕಬ್ಬಿಣ ನೀರಿನಂತೆ ಕೂಡುತ್ತದೆ. ಮಣ್ಣಿನಿಂದ ಮುಚ್ಚಿದ ಬಾಯನ್ನು ಒಡೆದಾಗ ಅದು ಕಾಲುವೆಯಲ್ಲಿ ಹರಿದು ಬರುತ್ತದೆ. ಹೆಸಿಯಾಡ್‌ನ ಮಾತಿನ ಮರದ ಬೆಂಕಿ, ಈಸ್ಕಿಲಸ್‌ನ ಪಟ್ಟಿಯ ಕಬ್ಬಿಣ, ಇವೆರಡೂ ಒಂದೇ ಒಲೆಯಲ್ಲಿ ಕೂಡಿದ್ದು ಇಲ್ಲಿ. ಜೋಗದ ವಿದ್ಯುತ್ತು ಬಂದು ವಿದ್ಯುತ್ ಕುಲುಮೆಗಳು ಶುರುವಾದ ಮೇಲೆ ಕಾಡಿನ ಮೇಲಿನ ಭಾರ ಇಳಿಯಿತು. ಅಷ್ಟರಲ್ಲಿ ಎಷ್ಟೋ ಕಾಡು ಕುಲುಮೆಗೆ ಹೋಗಿತ್ತು. ಪಂಪನಲ್ಲೂ ಕುಮಾರವ್ಯಾಸನಲ್ಲೂ ಬರುವ ಖಾಂಡವದಹನದಲ್ಲಿ ಅಗ್ನಿ ಬಂದು ಹಸಿವು ಎಂದು ಕಾಡನ್ನೇ ಕೇಳುತ್ತಾನೆ. ಬೆಂಕಿಗೆ ಹೊಟ್ಟೆಯಿದೆ ಎಂಬುದನ್ನು ನಮ್ಮ ಕವಿಗಳು ಮರೆಯಲಿಲ್ಲ, ಆ ಹೊಟ್ಟೆಗೆ ಯಾರ ಮನೆ ಹೋಯಿತು ಎಂಬುದನ್ನು ಆ ಕಾಡಿನ ನಾಗ ತಕ್ಷಕನ ಕಡೆಯಿಂದ ಹೇಳಲೂ ಮರೆಯಲಿಲ್ಲ.

ವಿಶ್ವೇಶ್ವರಯ್ಯನವರನ್ನು ಪ್ರಮೀಥಿಯಸ್‌ಗೆ ಹೋಲಿಸುವ ಆಸೆ ಬರುತ್ತದೆ. ನಾನು ಹೋಲಿಸಲಾರೆ. ಅವರು ಯಾರಿಂದಲೂ ಕದಿಯಲಿಲ್ಲ, ಸರ್ಕಾರವೇ ಅವರಾಗಿದ್ದರು. ದಿವಾನಗಿರಿ ಬಿಟ್ಟ ಮೇಲೂ 1923ರಿಂದ ಕೆಲವು ವರ್ಷ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಷ್ಟದ ಕುಲುಮೆ ಆರದಂತೆ ನೋಡಿಕೊಂಡರು. ಪಂಜಿನ ಓಟದಲ್ಲಿ ಅವರ ಜಾಗ ಅದು, ಬಹಳ ದೊಡ್ಡ ಜಾಗ. ಅವರ ನಂತರ ಆ ಪಂಜನ್ನು ಹಿಡಿದವರು ಮೂರು ಶಿಫ್ಟಿನಲ್ಲಿ ಸೈಕಲ್ ತುಳಿದು ಹೋದವರು, ಸೈರನ್ ಕೂಗಿದಾಗ ಟಿಫನ್ ಕ್ಯಾರಿಯರ್ ಎತ್ತಿಕೊಂಡವರು.

ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆ ಸೈಲ್‌ನ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರೊಳಗೆ ಸೇರಿತು. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷ ತುಂಬಿದ ತಿಂಗಳು, ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು. ಆ ದಿನಗಳಲ್ಲಿ ನಾನು ಊರಿಗೆ ಹೋಗಿದ್ದೆ. ನ್ಯೂ ಟೌನಿನ ರಸ್ತೆಗಳ ಹಳೆಯ ಮರಗಳು ಹಾಗೇ ಇದ್ದವು, ರಾತ್ರಿ ಹಿತ್ತಲಿಗೆ ಬಂದು ನಿಂತರೆ ಆಕಾಶ ಎಲ್ಲ ಕಡೆಯೂ ಒಂದೇ ಕಪ್ಪು. ಪಕ್ಕದ ಮನೆಯ ಹಿರಿಯರೊಬ್ಬರು ಕಾಂಪೌಂಡಿನಾಚೆಯಿಂದ, "ಫರ್ನೇಸ್ ತಣ್ಣಗಾದ್ರೆ ಮತ್ತೆ ಹಚ್ಚೋದು ಸುಲಭ ಅಲ್ಲಪ್ಪ, ಒಳಗೆ ಎಲ್ಲ ಗಟ್ಟಿಯಾಗ್ಬಿಡುತ್ತೆ" ಅಂದರು. ಅವರು ಹೇಳಿದ್ದು ಕಬ್ಬಿಣದ ಮಾತು, ಸ್ಲ್ಯಾಗ್‌ನ ಮಾತು.

ಗ್ರೀಕರ ಬೆಂಕಿಯ ಸಂಪ್ರದಾಯಗಳಲ್ಲಿ ಒಂದನ್ನು ನಾನು ಇದುವರೆಗೆ ಹೇಳದೆ ಉಳಿಸಿದ್ದೇನೆ. ಲೆಮ್ನೋಸ್ ಹೆಫೆಸ್ಟಸ್ ಬಿದ್ದ ದ್ವೀಪ, ಕಮ್ಮಾರರ ದ್ವೀಪ. ಅಲ್ಲಿ ಒಂದು ವ್ರತದಲ್ಲಿ ಒಂಬತ್ತು ದಿನ ಎಲ್ಲ ಬೆಂಕಿಯನ್ನೂ ಆರಿಸುತ್ತಿದ್ದರು ಎಂದು ಫಿಲೊಸ್ಟ್ರೇಟಸ್ ಬರೆಯುತ್ತಾನೆ. ಒಲೆಯಿಲ್ಲ, ಕುಲುಮೆಯಿಲ್ಲ. ಡೆಲೋಸ್ ದ್ವೀಪದಿಂದ ಹೊಸ ಬೆಂಕಿ ಹೊತ್ತ ಹಡಗು ಬರಬೇಕು. ವ್ರತ ಮುಗಿಯುವ ಮೊದಲೇ ಹಡಗು ಬಂದುಬಿಟ್ಟರೆ ದಡಕ್ಕೆ ತಾಗುವಂತಿಲ್ಲ. ಬೆಂಕಿಯನ್ನು ಹೊತ್ತುಕೊಂಡೇ ತೀರದಾಚೆ ನೀರಿನ ಮೇಲೆ ತೇಲುತ್ತ ಕಾಯಬೇಕು. ದಡದಲ್ಲಿ ಜನ ಅದನ್ನು ನೋಡುತ್ತ ನಿಂತಿರುತ್ತಾರೆ. ಹೊತ್ತು ಬಂದಾಗ ಹಡಗು ದಡ ಸೇರುತ್ತದೆ. ಬೆಂಕಿಯನ್ನು ಮನೆಮನೆಗೆ ಹಂಚುತ್ತಾರೆ, ಬೆಂಕಿಯಿಂದ ಕೆಲಸ ಮಾಡುವ ಕಸುಬುದಾರರಿಗೂ ಹಂಚುತ್ತಾರೆ. ಅಂದಿನಿಂದ ಹೊಸ ಬದುಕು ಶುರುವಾಯಿತು ಎಂದು ದ್ವೀಪದವರು ಹೇಳಿಕೊಳ್ಳುತ್ತಿದ್ದರು.